ಬೇಗಂಪೇಟೆಯಿಂದ ಜಪಾಲಕ್ಕೆ: ನಿಜಾಮಿಯಾ ವೀಕ್ಷಣಾಲಯ ನಡೆದ ದಾರಿ

ಹೈದರಾಬಾದಿನ ಬೇಗಂಪೇಟೆಯಲ್ಲಿರುವ ಆರ್ಥಿಕ ಮತ್ತು ಸಾಮಾಜಿಕ ಅಧ್ಯಯನ ಕೇಂದ್ರಕ್ಕೆ ಪತ್ರ ಬರೆಯುವವರು ಇಂದಿಗೂ ವಿಳಾಸದಲ್ಲಿ ‘ನಿಜಾಮಿಯಾ ಅಬ್ಸರ್ವೇಟರಿ ಕ್ಯಾಂಪಸ್’ ಎಂದೇ ಬರೆಯುತ್ತಾರೆ. ಅರ್ಥಶಾಸ್ತ್ರಜ್ಞರು ಕೂತು ಕೆಲಸ ಮಾಡುವ ಆವರಣಕ್ಕೆ ನಕ್ಷತ್ರ ನೋಡುವ ಜಾಗದ ಹೆಸರು ಅಂಟಿಕೊಂಡಿರುವುದರ ಹಿಂದೆ ನೂರಿಪ್ಪತ್ತು ವರ್ಷಗಳಿಗೂ ಮಿಗಿಲಾದ ಇತಿಹಾಸವಿದೆ. ಒಬ್ಬ ನವಾಬರ ಖಾಸಗಿ ಆಸಕ್ತಿಯಾಗಿ ಹುಟ್ಟಿ, ನಿಜಾಮರ ಸರ್ಕಾರದ ಕೈಸೇರಿ, ಆಮೇಲೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಅಂಗವಾದ ಈ ವೀಕ್ಷಣಾಲಯ, ಸುತ್ತಲಿನ ನಗರ ಬೆಳೆದಂತೆ ತನಗೆ ಬೇಕಾದ ಕತ್ತಲನ್ನು ಅರಸಿ ಊರಿನಿಂದ ಹೊರಗೆ, ಜಪಾಲ ಎಂಬ ಹಳ್ಳಿಯ ಬಳಿಗೆ ಹೋಗಬೇಕಾಯಿತು. ಆ ಕಥೆಯನ್ನು ಕನ್ನಡದಲ್ಲಿ ವಿವರವಾಗಿ ಬರೆದಿಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು.

ಕೊಡಗಿನಲ್ಲಿ ಕೂತವನಿಗೆ ಹೈದರಾಬಾದಿನ ದೂರದರ್ಶಕದ ಚಿಂತೆ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ಆಕಾಶದ ಲೆಕ್ಕಾಚಾರ ನಮಗೆ ಪರಕೀಯವಾದ ವಿಷಯವಲ್ಲ. ತುಲಾ ಸಂಕ್ರಮಣದ ದಿನ ಸೂರ್ಯ ತುಲಾ ರಾಶಿಯನ್ನು ಪ್ರವೇಶಿಸುವ ಗಳಿಗೆಯನ್ನು ಗಂಟೆ, ನಿಮಿಷಗಳ ಲೆಕ್ಕದಲ್ಲಿ ಪ್ರಕಟಿಸಲಾಗುತ್ತದೆ, ತಲಕಾವೇರಿಯಲ್ಲಿ ಸೇರಿದ ಜನ ಅದೇ ನಿಮಿಷಕ್ಕಾಗಿ ಕಾಯುತ್ತಾರೆ. ನಮ್ಮ ಸುಗ್ಗಿಯ ಹಬ್ಬವಾದ ಹುತ್ತರಿಗೆ ರೋಹಿಣಿ ನಕ್ಷತ್ರ ಮತ್ತು ಹುಣ್ಣಿಮೆ ಎರಡನ್ನೂ ನೋಡುತ್ತಾರೆ, ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಎಲೆಗಳ ನೆರೆ ಕಟ್ಟುವ ಹೊತ್ತು, ಕದಿರು ತೆಗೆಯುವ ಹೊತ್ತುಗಳು ನಿಶ್ಚಯವಾದ ಮೇಲೆಯೇ ಊರೂರಿನ ಗದ್ದೆಗಳಲ್ಲಿ ತೋಪು ಹಾರುತ್ತದೆ. ಚಂದ್ರನ ಪಕ್ಕದಲ್ಲಿ ಕೆಂಪಾಗಿ ಹೊಳೆಯುವ ರೋಹಿಣಿಯನ್ನು ವರ್ಷಕ್ಕೊಮ್ಮೆಯಾದರೂ ತಲೆಯೆತ್ತಿ ನೋಡುವ ಜನ ನಾವು. ಅಂಥವರಿಗೆ, ನಕ್ಷತ್ರಗಳ ಸ್ಥಾನವನ್ನು ಅಳೆಯುವುದಕ್ಕಾಗಿಯೇ ದಶಕಗಳನ್ನು ವ್ಯಯಿಸಿದ ಒಂದು ಸಂಸ್ಥೆಯ ಕಥೆ ಹತ್ತಿರದ್ದೇ ಅನ್ನಿಸಬೇಕು.

ಈ ಕಥೆ ಆರಂಭವಾಗುವುದು 1901ರಲ್ಲಿ. ಹೈದರಾಬಾದ್ ಸಂಸ್ಥಾನದ ಶ್ರೀಮಂತರಲ್ಲೊಬ್ಬರಾದ ನವಾಬ್ ಜಫರ್ ಜಂಗ್ ಅವರು 15 ಇಂಚು ವ್ಯಾಸದ ಮಸೂರವಿದ್ದ ದೊಡ್ಡ ದೂರದರ್ಶಕವೊಂದನ್ನು ವಿದೇಶದಿಂದ ತರಿಸಿ, ಫಿಸಲ್ ಬಂಡಾದಲ್ಲಿದ್ದ ತಮ್ಮ ಜಾಗದಲ್ಲಿ ವೀಕ್ಷಣಾಲಯ ಕಟ್ಟಲು ಹೊರಟರು. ಆಗ ಆಳುತ್ತಿದ್ದ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಒಪ್ಪಿಗೆ ಪಡೆದು ಅದಕ್ಕೆ ನಿಜಾಮಿಯಾ ಎಂಬ ಹೆಸರಿಟ್ಟರು. ಆದರೆ ಯಂತ್ರ ತರಿಸುವುದು ಬೇರೆ, ಅದನ್ನು ನಿಲ್ಲಿಸಿ ರಾತ್ರಿ ರಾತ್ರಿ ದುಡಿಸುವುದು ಬೇರೆ. 1907ರಲ್ಲಿ ನವಾಬರು ತೀರಿಕೊಂಡಾಗ ಅವರ ಕನಸು ಅರ್ಧ ದಾರಿಯಲ್ಲಿತ್ತು. ಮರುವರ್ಷ ನಿಜಾಮರ ಸರ್ಕಾರ ವೀಕ್ಷಣಾಲಯವನ್ನು ವಹಿಸಿಕೊಂಡು ಆರ್ಥರ್ ಚಾಟ್‌ವುಡ್ ಎಂಬ ಇಂಗ್ಲಿಷ್ ಗೃಹಸ್ಥರನ್ನು ನಿರ್ದೇಶಕರನ್ನಾಗಿ ನೇಮಿಸಿತು. ಅವರ ಕಾಲದಲ್ಲಿಯೇ ವೀಕ್ಷಣಾಲಯ ಬೇಗಂಪೇಟೆಗೆ ಬಂತು. ಆಗ ಬೇಗಂಪೇಟೆ ಎಂದರೆ ಊರ ಹೊರಗಿನ ತೆರಪು ಜಾಗ.

ನವಾಬರು ಕೊಂಡ 15 ಇಂಚಿನ ದೂರದರ್ಶಕ ಕೆಲಸಕ್ಕೆ ಸಿದ್ಧವಾದದ್ದು 1922ರಲ್ಲಿ. ವೀಕ್ಷಣಾಲಯಕ್ಕೆ ಹೆಸರು ತಂದುಕೊಟ್ಟದ್ದು ಅದಲ್ಲ, ಚಾಟ್‌ವುಡ್ ಕಾಲದಲ್ಲಿ ನಿಲ್ಲಿಸಿದ 8 ಇಂಚಿನ ಛಾಯಾಗ್ರಾಹಿ ದೂರದರ್ಶಕ. ಅದರ ಕೆಲಸವನ್ನು ತಿಳಿಯಬೇಕಾದರೆ ಪ್ಯಾರಿಸ್ ನಗರಕ್ಕೊಮ್ಮೆ ಹೋಗಿಬರಬೇಕು. 1887ರಲ್ಲಿ ಅಲ್ಲಿ ಸೇರಿದ ಖಗೋಳ ವಿಜ್ಞಾನಿಗಳು ಇಡೀ ಆಕಾಶದ ಛಾಯಾಚಿತ್ರ ತೆಗೆದು, ಸುಮಾರು ಹನ್ನೊಂದನೆಯ ಕಾಂತಿಮಾನದವರೆಗಿನ (ಕಾಂತಿಮಾನ ಎಂದರೆ ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಸುಕು) ಎಲ್ಲ ನಕ್ಷತ್ರಗಳ ಸ್ಥಾನವನ್ನೂ ಅಳೆದು ಪಟ್ಟಿ ಮಾಡಬೇಕೆಂದು ತೀರ್ಮಾನಿಸಿದರು. ಬರಿಗಣ್ಣಿಗೆ ಕಾಣುವುದು ಆರನೆಯ ಕಾಂತಿಮಾನದವರೆಗೆ ಮಾತ್ರ. ಹನ್ನೊಂದು ಎಂದರೆ ಅದಕ್ಕಿಂತ ನೂರು ಪಟ್ಟು ಮಸುಕು. ಒಂದು ದೇಶದಿಂದ ಆಗುವ ಕೆಲಸ ಇದಲ್ಲವೆಂದು ಆಕಾಶವನ್ನು ಅಡ್ಡಪಟ್ಟಿಗಳಾಗಿ ಸೀಳಿ ಜಗತ್ತಿನ ಇಪ್ಪತ್ತರಷ್ಟು ವೀಕ್ಷಣಾಲಯಗಳಿಗೆ ಹಂಚಿದರು. ಚಿಲಿ ದೇಶದ ಸಾಂಟಿಯಾಗೊ ವೀಕ್ಷಣಾಲಯಕ್ಕೆ ಬಂದಿದ್ದ ಪಾಲು ಅಲ್ಲಿ ಮುಂದುವರಿಯದೆ ಉಳಿದಾಗ ಅದನ್ನು ಹೈದರಾಬಾದ್ ಹೊತ್ತುಕೊಂಡಿತು. ಖಗೋಳದ ಮಧ್ಯರೇಖೆಯಿಂದ ದಕ್ಷಿಣಕ್ಕೆ 17 ಡಿಗ್ರಿಯಿಂದ 23 ಡಿಗ್ರಿಯವರೆಗಿನ ಪಟ್ಟಿ ಅದು. ಮಳೆಯ ಹೆಸರಾಗಿ ನಮ್ಮ ರೈತರಿಗೆಲ್ಲ ಗೊತ್ತಿರುವ ಹಸ್ತ ನಕ್ಷತ್ರಪುಂಜದ ಒಂದಷ್ಟು ಭಾಗ ಆ ಪಟ್ಟಿಯೊಳಗೇ ಬರುತ್ತದೆ.

ಆ ಕೆಲಸ ನಡೆಯುತ್ತಿದ್ದ ಬಗೆಯನ್ನು ಓದಿದಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ. ಸುಮಾರು 16 ಸೆಂಟಿಮೀಟರ್ ಚದರದ ಗಾಜಿನ ಫಲಕದ ಮೇಲೆ ಬೆಳಕಿಗೆ ಸ್ಪಂದಿಸುವ ಲೇಪವಿರುತ್ತದೆ. ಭೂಮಿ ತಿರುಗುತ್ತಿರುವುದರಿಂದ ನಕ್ಷತ್ರಗಳು ಸರಿಯುತ್ತಲೇ ಇರುತ್ತವೆ. ಆ ಸರಿತಕ್ಕೆ ಸಮನಾಗಿ ದೂರದರ್ಶಕವನ್ನು ಗಡಿಯಾರದ ಯಂತ್ರ ತಿರುಗಿಸುತ್ತದೆ, ಯಂತ್ರ ತುಸು ಹಿಂದುಮುಂದಾದರೆ ವೀಕ್ಷಕ ಕಣ್ಣು ಕೀಲಿಸಿ ಕೂತು ಕೈಯಿಂದ ಸರಿಪಡಿಸುತ್ತಿರಬೇಕು. ಫಲಕದ ಮೇಲೆ ಐದೈದು ಮಿಲಿಮೀಟರಿಗೊಂದು ಸಣ್ಣ ಗೆರೆಯ ಚೌಕುಳಿಯನ್ನೂ ಮೂಡಿಸಲಾಗುತ್ತದೆ. ಹಗಲಾದ ಮೇಲೆ ಅಸಲು ದುಡಿಮೆ. ಫಲಕವನ್ನು ಅಳತೆಯ ಯಂತ್ರಕ್ಕೆ ಸಿಕ್ಕಿಸಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದೇ ಕಪ್ಪು ಚುಕ್ಕೆಯನ್ನು ಹಿಡಿದು, ಹತ್ತಿರದ ಅಡ್ಡಗೆರೆ, ಉದ್ದಗೆರೆಗಳಿಂದ ಅದು ಎಷ್ಟು ದೂರದಲ್ಲಿದೆ ಎಂದು ಓದಿ ಪುಸ್ತಕಕ್ಕೆ ಇಳಿಸಬೇಕು. ಫಲಕದ ಮೇಲಿನ ಒಂದು ಮಿಲಿಮೀಟರ್ ಎಂದರೆ ಆಕಾಶದಲ್ಲಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಆದ್ದರಿಂದ ಅಳತೆ ಕೂದಲೆಳೆಯಷ್ಟು ತಪ್ಪಿದರೂ ನಕ್ಷತ್ರ ತನ್ನ ಜಾಗದಲ್ಲಿರುವುದಿಲ್ಲ. ಒಂದೇ ಫಲಕದಲ್ಲಿ ನೂರಾರು ಚುಕ್ಕೆಗಳಿರುತ್ತವೆ. ಇಂಥ ಫಲಕಗಳು ಸಾವಿರಕ್ಕೂ ಹೆಚ್ಚು. ಗಣಕಯಂತ್ರವಿಲ್ಲದ ಆ ಕಾಲದಲ್ಲಿ ಗುಣಾಕಾರ, ಭಾಗಾಕಾರಗಳೆಲ್ಲ ಕೈಬರಹದಲ್ಲೇ ಸಾಗಬೇಕಿತ್ತು.

ಚಾಟ್‌ವುಡ್ ನಂತರ 1914ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂದ ರಾಬರ್ಟ್ ಪೊಕಾಕ್ ಈ ಅಳತೆಯ ಕೆಲಸವನ್ನು ಒಂದು ಹಳಿಗೆ ತಂದರು. 1918ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡಾಗ ಹೊಣೆ ಬಂದದ್ದು ಅಲ್ಲಿಯೇ ದುಡಿಯುತ್ತಿದ್ದ ಟಿ.ಪಿ. ಭಾಸ್ಕರನ್ ಅವರಿಗೆ. ವೀಕ್ಷಣಾಲಯದ ಮೊದಲ ಭಾರತೀಯ ನಿರ್ದೇಶಕರಾದ ಅವರು 1944ರವರೆಗೆ, ಅಂದರೆ ಕಾಲು ಶತಮಾನಕ್ಕೂ ಮೀರಿ ಆ ಸ್ಥಾನದಲ್ಲಿದ್ದರು. ಅವರು ಹೊಣೆ ಹೊತ್ತ ಮರುವರ್ಷವೇ, 1919ರಲ್ಲಿ, ಆಗಷ್ಟೇ ಸ್ಥಾಪನೆಯಾಗಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದ ಅಧೀನಕ್ಕೆ ವೀಕ್ಷಣಾಲಯ ಬಂತು. ದಕ್ಷಿಣದ ಪಟ್ಟಿ ಮುಗಿದ ಮೇಲೆ ಅವರ ತಂಡ ಸುಮ್ಮನೆ ಕೂರಲಿಲ್ಲ. ಜರ್ಮನಿಯ ಪಾಟ್ಸ್‌ಡಾಮ್ ವೀಕ್ಷಣಾಲಯ ಮುಗಿಸಲಾಗದೆ ಬಿಟ್ಟಿದ್ದ ಉತ್ತರದ ಪಟ್ಟಿಯಲ್ಲಿ 36ರಿಂದ 39 ಡಿಗ್ರಿಯವರೆಗಿನ ಭಾಗವನ್ನೂ, ನಮ್ಮ ಅಭಿಜಿತ್ ನಕ್ಷತ್ರ ಇರುವ ಭಾಗವದು, ಅವರು ಅಳೆದುಕೊಟ್ಟರು. ಎರಡೂ ಪಟ್ಟಿಗಳ ಫಲಿತಾಂಶ 12 ಸಂಪುಟಗಳಾಗಿ ಹೊರಬಂತು. ಯುರೋಪಿನ ದೊಡ್ಡ ದೊಡ್ಡ ವೀಕ್ಷಣಾಲಯಗಳೇ ತಮ್ಮ ಪಾಲನ್ನು ಮುಗಿಸಲಾರದೆ ಒದ್ದಾಡುತ್ತಿದ್ದಾಗ ಬೇಗಂಪೇಟೆಯ ಈ ಸಣ್ಣ ತಂಡ ತನ್ನ ಪಾಲನ್ನೂ ಮತ್ತೊಬ್ಬರ ಪಾಲಿನ ಒಂದಂಶವನ್ನೂ ಪೂರೈಸಿತು. ಭಾರತದ ವಿಜ್ಞಾನ ಚರಿತ್ರೆಯಲ್ಲಿ ಭಾಸ್ಕರನ್ ಅವರ ಹೆಸರಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದೇ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಸುನಣ್ಣ ಬಾಪು ಎಂಬವರ ಮಗ ದೂರದರ್ಶಕಗಳ ನೆರಳಲ್ಲೇ ಬೆಳೆದ. ಈ ಕುಟುಂಬದ ಮೂಲ ತಲಶ್ಶೇರಿ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ದಾಟಿ ಘಟ್ಟ ಇಳಿದರೆ ಸಿಗುವ ಊರು, ನಮ್ಮ ಹಿರಿಯರು ವ್ಯಾಪಾರಕ್ಕೆಂದು ಹೋಗಿಬರುತ್ತಿದ್ದ ಊರು. ಆ ಹುಡುಗನೇ ಮುಂದೆ ವೇಣು ಬಾಪು ಎಂದು ಜಗತ್ತಿಗೆ ಪರಿಚಿತರಾದರು. ನಿಜಾಮ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಬೆಳಕು ಏರಿಳಿಯುವ ನಕ್ಷತ್ರಗಳ ಕುರಿತು ಬರೆಯತೊಡಗಿದ್ದ ಅವರು ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಿಂದ ಹಾರ್ವರ್ಡ್ ಸೇರಿ, 1949ರ ಜುಲೈಯಲ್ಲಿ ಹೊಸ ಧೂಮಕೇತುವೊಂದನ್ನು ಕಂಡುಹಿಡಿದರು; ಅದಕ್ಕೆ ಬಾಪು-ಬಾಕ್-ನ್ಯೂಕರ್ಕ್ ಎಂಬ ಹೆಸರಾಯಿತು. ಕೊಡೈಕನಾಲ್ ವೀಕ್ಷಣಾಲಯವನ್ನು ನಡೆಸಿ, ತಮಿಳುನಾಡಿನ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ರೂಪ ಕೊಟ್ಟವರು ಅವರೇ. 1982ರಲ್ಲಿ ತೀರಿಕೊಂಡಾಗ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದರು. ದೇಶದ ಖಗೋಳ ವಿಜ್ಞಾನಕ್ಕೆ ಬೇಗಂಪೇಟೆ ಕೊಟ್ಟ ಇನ್ನೊಂದು ದೊಡ್ಡ ಕೊಡುಗೆ ಈ ಮನುಷ್ಯ.

ಈ ನಡುವೆ ನಗರ ಬೇಗಂಪೇಟೆಯನ್ನು ಮುಟ್ಟಿತ್ತು. ವಿಮಾನ ನಿಲ್ದಾಣ ಅಲ್ಲೇ ಸಮೀಪದಲ್ಲಿ ಬಂದಿತ್ತು. ರಸ್ತೆಗಳಿಗೆ ದೀಪಗಳಾದವು, ಮನೆಗಳಾದವು. ನಗರದ ದೀಪಗಳಿಂದ ಮೇಲಕ್ಕೆ ಸೋರಿದ ಬೆಳಕು ಗಾಳಿಯಲ್ಲಿರುವ ಧೂಳು, ತೇವಾಂಶಗಳಿಗೆ ತಾಗಿ ಚದುರಿ ಕೆಳಗೆ ಬರುತ್ತದೆ. ಇಡೀ ಆಕಾಶವೇ ಮಂಕಾಗಿ ಬೆಳಗುತ್ತದೆ. ಹೊಳೆಯುವ ನಕ್ಷತ್ರಗಳಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ, ಚಂದ್ರ ಯಾವ ಕ್ಷಣದಲ್ಲಿ ಒಂದು ನಕ್ಷತ್ರವನ್ನು ಮರೆಮಾಡಿದ ಎಂದು ದಾಖಲಿಸಲೂ ಅಡ್ಡಿಯಿಲ್ಲ. ಆದರೆ ಮಸುಕಾದ ನಕ್ಷತ್ರದ ಬೆಳಕನ್ನು ಅಳೆಯಹೊರಟರೆ ಸುತ್ತಲಿನ ಆಕಾಶದ ಬೆಳಕೇ ಅದಕ್ಕಿಂತ ಹೆಚ್ಚಾಗಿ ಉಪಕರಣದೊಳಗೆ ಬೀಳುತ್ತದೆ. ಎಷ್ಟು ದೊಡ್ಡ ದೂರದರ್ಶಕ ತಂದರೂ ಈ ಕಷ್ಟ ತೀರುವುದಿಲ್ಲ, ಏಕೆಂದರೆ ದೊಡ್ಡ ಮಸೂರ ನಕ್ಷತ್ರದ ಬೆಳಕಿನ ಜೊತೆಗೆ ಆಕಾಶದ ಬೆಳಕನ್ನೂ ಅಷ್ಟೇ ಪ್ರಮಾಣದಲ್ಲಿ ಬಾಚಿಕೊಳ್ಳುತ್ತದೆ.

ಭಾಸ್ಕರನ್ ಅವರ ನಂತರ ನಿರ್ದೇಶಕರಾದ ಅಕ್ಬರ್ ಅಲಿ ಅವರು 48 ಇಂಚಿನ, ಅಂದರೆ 1.2 ಮೀಟರ್ ವ್ಯಾಸದ ದರ್ಪಣವಿರುವ ದೂರದರ್ಶಕಕ್ಕಾಗಿ ಪ್ರಯತ್ನಿಸಿದರು. 1960ರಲ್ಲಿ ಹೊಣೆ ಹೊತ್ತ ಕೆ.ಡಿ. ಅಭ್ಯಂಕರ್ ಅವರು ಅದನ್ನು ದಡ ಸೇರಿಸಿದರು. ಅಮೆರಿಕದಿಂದ ಬಂದ ಆ ಯಂತ್ರವನ್ನು ಬೇಗಂಪೇಟೆಯಲ್ಲಿ ನಿಲ್ಲಿಸುವ ಮಾತೇ ಇರಲಿಲ್ಲ. ನಗರದಿಂದ ಐವತ್ತು ಕಿಲೋಮೀಟರಿಗೂ ಆಚೆ, ನಾಗಾರ್ಜುನ ಸಾಗರದ ದಾರಿಯ ಕಡೆಗೆ, ಜಪಾಲ ಮತ್ತು ರಂಗಾಪುರ ಎಂಬ ಎರಡು ಹಳ್ಳಿಗಳ ನಡುವಿನ ಗುಡ್ಡದ ಮೇಲೆ ಹೊಸ ವೀಕ್ಷಣಾಲಯ ಎದ್ದಿತು. 1968ರ ಡಿಸೆಂಬರಿನಲ್ಲಿ ದೂರದರ್ಶಕ ಕೆಲಸ ಶುರುಮಾಡಿತು. ಆ ಹೊತ್ತಿಗೆ ಅದು ದೇಶದಲ್ಲೇ ದೊಡ್ಡದು. ಸರ್ಕಾರದ ಯಾವ ದೊಡ್ಡ ಸಂಶೋಧನಾ ಸಂಸ್ಥೆಗೂ ಇಲ್ಲದಿದ್ದ ಯಂತ್ರ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕೈಗೆ ಸಿಕ್ಕಿತ್ತು ಎಂಬುದನ್ನು ಇಂದು ನೆನೆದರೆ ಬೆರಗಾಗುತ್ತದೆ.

ಅಲ್ಲಿ ನಡೆದ ಕೆಲಸದಲ್ಲಿ ಹೆಚ್ಚಿನದು ಜೋಡಿ ನಕ್ಷತ್ರಗಳ ಕುರಿತದ್ದು. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುವಾಗ ನಮ್ಮ ದೃಷ್ಟಿಗೆ ಒಂದು ಇನ್ನೊಂದಕ್ಕೆ ಅಡ್ಡ ಬಂದರೆ ಒಟ್ಟು ಬೆಳಕು ಕುಗ್ಗುತ್ತದೆ, ಸರಿದ ಮೇಲೆ ಮತ್ತೆ ಹಿಗ್ಗುತ್ತದೆ. ಈ ಏರಿಳಿತವನ್ನು ರಾತ್ರಿಗಟ್ಟಲೆ ಅಳೆದು ಗೆರೆ ಎಳೆದರೆ ಆ ನಕ್ಷತ್ರಗಳ ಗಾತ್ರ, ಕಕ್ಷೆಯ ಅವಧಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ರೋಹಿತವೂ ಸಿಕ್ಕರೆ ತೂಕ, ಎಲ್ಲವನ್ನೂ ಲೆಕ್ಕ ಹಾಕಬಹುದು. ಎಷ್ಟೋ ಜನ ವಿದ್ಯಾರ್ಥಿಗಳ ಪಿಎಚ್‌ಡಿ ಪದವಿಗೆ ಆ ಗುಡ್ಡದ ಕತ್ತಲೇ ಬಂಡವಾಳವಾಯಿತು.

1980ರ ಫೆಬ್ರವರಿ 16ರಂದು ಜಪಾಲ-ರಂಗಾಪುರಕ್ಕೆ ಜಗತ್ತಿನ ಕಣ್ಣು ಬಿತ್ತು. ಅಂದಿನ ಸಂಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ರಾಜ್ಯದ ಉತ್ತರ ಕನ್ನಡದ ಕರಾವಳಿಯಲ್ಲಿ ಭಾರತದ ನೆಲ ಮುಟ್ಟಿ, ಹುಬ್ಬಳ್ಳಿ, ರಾಯಚೂರುಗಳ ಕಡೆಯಿಂದ ಹಾದು ನೇರವಾಗಿ ಈ ವೀಕ್ಷಣಾಲಯದ ಮೇಲೆಯೇ ಸಾಗಿತು. ಎರಡು ನಿಮಿಷಕ್ಕೂ ತುಸು ಹೆಚ್ಚು ಹೊತ್ತಿನ ಆ ಕತ್ತಲಿಗಾಗಿ ದೇಶ ವಿದೇಶಗಳ ತಂಡಗಳು ಅಲ್ಲಿ ಬಿಡಾರ ಹೂಡಿದ್ದವು. ಕೊಡಗಿನಲ್ಲಿ ಅಂದು ಕಂಡದ್ದು ಪಾರ್ಶ್ವ ಗ್ರಹಣ. ಕಂಡದ್ದು ಎನ್ನುವುದಕ್ಕಿಂತ ಕಾಣಬಹುದಾಗಿದ್ದದ್ದು ಎನ್ನಬೇಕು, ಏಕೆಂದರೆ ಹೆಚ್ಚಿನ ಮನೆಗಳ ಬಾಗಿಲು ಮುಚ್ಚಿತ್ತು, ಮಕ್ಕಳನ್ನು ಅಂಗಳಕ್ಕೆ ಬಿಡುತ್ತಿರಲಿಲ್ಲ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ದಿನ ಕುಟ್ಟದ ಸಮೀಪದ ಕಾಯಿಮಾನಿಯಲ್ಲಿ ಸೇರಿದ್ದ ಜನಸಂದಣಿಯನ್ನು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಜ್ಜಂದಿರು, ಶಾಲೆಯ ಮಕ್ಕಳು, ಕೂಸು ಎತ್ತಿಕೊಂಡ ತಾಯಂದಿರು ಗ್ರಹಣದ ಕನ್ನಡಕ ಹಿಡಿದು ಒಬ್ಬರಾದ ಮೇಲೆ ಒಬ್ಬರು ನೋಡುತ್ತಿದ್ದರು.

ಜಪಾಲದ ಕತ್ತಲೂ ಬಹಳ ಕಾಲ ಬಾಳಲಿಲ್ಲ. ಹೈದರಾಬಾದ್ ಮಾಹಿತಿ ತಂತ್ರಜ್ಞಾನದ ನಗರವಾಗಿ ನಾಲ್ಕೂ ದಿಕ್ಕಿಗೆ ಚಾಚಿತು. ಹೊರವರ್ತುಲ ರಸ್ತೆ ಬಂತು, 2008ರಲ್ಲಿ ವಿಮಾನ ನಿಲ್ದಾಣ ಬೇಗಂಪೇಟೆಯಿಂದ ಶಂಷಾಬಾದಿಗೆ ಹೋಯಿತು, ಇಬ್ರಾಹಿಂಪಟ್ಟಣದ ದಾರಿಯುದ್ದಕ್ಕೂ ಬಡಾವಣೆಗಳಾದವು. ಬೆಳಕೊಂದನ್ನೇ ದೂರುವುದು ನ್ಯಾಯವಲ್ಲ, ನಿಜ. ಹಳೆಯ ಯಂತ್ರಕ್ಕೆ ಹೊಸ ಉಪಕರಣ ಜೋಡಿಸಲು, ದರ್ಪಣಕ್ಕೆ ಕಾಲಕಾಲಕ್ಕೆ ಹೊಸ ಲೇಪ ಕೊಡಿಸಲು ದುಡ್ಡು ಬೇಕು, ನುರಿತ ಜನ ಬೇಕು. ಕಾವಲೂರು, ಲಡಾಖಿನ ಹಾನ್ಲೆಗಳಲ್ಲಿ ದೊಡ್ಡ ದೂರದರ್ಶಕಗಳು ಬಂದ ಮೇಲೆ ವಿಶ್ವವಿದ್ಯಾಲಯದ ವೀಕ್ಷಣಾಲಯಗಳಿಗೆ ಆ ದುಡ್ಡು, ಆ ಜನ ಸಿಗುವುದು ಕಷ್ಟವೇ. ಆದರೂ ಒಂದು ಮಾತನ್ನು ಹೇಳಲೇಬೇಕು. ಬೇಗಂಪೇಟೆಯಿಂದ ಹೊರಟಾಗ ‘ಇನ್ನೂ ದೂರ ಹೋಗೋಣ’ ಎಂಬುದು ಪರಿಹಾರವಾಗಿತ್ತು. ನಗರ ಅಲ್ಲಿಗೂ ಬಂದೇ ಬರುತ್ತದೆ, ಆದ್ದರಿಂದ ಆ ಗುಡ್ಡದ ಸುತ್ತ ಇಷ್ಟು ಕಿಲೋಮೀಟರ್ ಇಂಥ ದೀಪಗಳನ್ನೇ ಹಾಕಬೇಕೆಂಬ ಕಟ್ಟಳೆ ಬೇಕು ಎಂದು ಬಡಾವಣೆಗಳ ನಕ್ಷೆ ಬರೆಯುವವರು ಯೋಚಿಸಬೇಕಿತ್ತು. ಕೆರೆಯ ಸುತ್ತ ಇಷ್ಟು ದೂರ ಕಟ್ಟಡ ಕಟ್ಟಬಾರದೆಂದು ನಿಯಮ ಮಾಡುವ ನಾವು ಕತ್ತಲನ್ನು ಮಾತ್ರ ಯಾರಿಗೂ ಸೇರದ ಸ್ವತ್ತೆಂದು ಬಿಟ್ಟುಬಿಟ್ಟೆವು.

ಈ ಮಾತನ್ನು ಕೊಡಗಿನಲ್ಲಿ ಕೂತು ಬರೆಯುವಾಗ ಇಲ್ಲಿನ ಆಕಾಶದ ಬಗ್ಗೆಯೂ ಹೇಳಬೇಕಾಗುತ್ತದೆ. ಮಳೆಗಾಲವಿಡೀ ನಮಗೆ ನಕ್ಷತ್ರದ ಸುಳಿವಿರುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ, ಕೊಯ್ದ ಕಾಫಿ ಕಣದಲ್ಲಿ ಹರಡಿಕೊಂಡಿರುವ ದಿನಗಳಲ್ಲಿ, ಕಣದ ಅಂಚಿಗೆ ನಿಂತರೆ ಕೃತ್ತಿಕೆಯ ಆರು ನಕ್ಷತ್ರಗಳನ್ನು ಬೇರೆ ಬೇರೆಯಾಗಿ ಎಣಿಸಬಹುದಾದಷ್ಟು ಆಕಾಶ ತಿಳಿಯಾಗಿರುತ್ತದೆ. ಆದರೆ ಪಟ್ಟಣಗಳ ದಿಕ್ಕಿನಲ್ಲಿ ಬೆಟ್ಟದ ಸಾಲಿನ ಮೇಲೆ ಬಿಳಿಯ ಹೊಗರು ಈಗೀಗ ಎದ್ದು ಕಾಣುತ್ತಿದೆ. ರೆಸಾರ್ಟುಗಳ, ಹೋಂಸ್ಟೇಗಳ ದೀಪಗಳು ಮರದ ತುದಿಗೆ ಮುಖಮಾಡಿವೆ. ಹಳೆಯ ಸೋಡಿಯಂ ದೀಪದ ಹಳದಿ ಬೆಳಕಿಗಿಂತ ಬಿಳಿಯ ಎಲ್‌ಇಡಿಯಲ್ಲಿ ನೀಲಿಯ ಅಂಶ ಹೆಚ್ಚು, ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ. ಮಂಜಿನ ನಾಡಾದ ನಮ್ಮಲ್ಲಿ ಅದರ ಪರಿಣಾಮ ಇನ್ನೂ ಜಾಸ್ತಿ.

ದೀಪ ಕಡಿಮೆ ಮಾಡಿ ಎಂದರೆ ತೋಟದವರು ಒಡನೆ ಕೇಳುವ ಪ್ರಶ್ನೆ ಆನೆಯದ್ದು. ಪಕ್ಕದ ತೋಟದ ಅಣ್ಣನೊಬ್ಬರು ನನ್ನನ್ನು ನೇರವಾಗಿಯೇ ಕೇಳಿದರು: “ರಾತ್ರಿ ಕಣಕ್ಕೆ ಆನೆ ಬಂದರೆ ಏನು ಮಾಡಬೇಕು ಮಾರಾಯ?” ಆ ಭಯ ಸುಳ್ಳಲ್ಲ, ಬೆಳಗಿನ ಜಾವ ಕೆಲಸಕ್ಕೆ ನಡೆದುಹೋಗುವವರ ಜೀವದ ಪ್ರಶ್ನೆ ಅದು. ಆದರೆ ಆನೆ ಬರುವುದು ನೆಲದ ಮೇಲೆ. ದೀಪದ ಮೇಲೊಂದು ಮುಚ್ಚಳ ಹಾಕಿ ಬೆಳಕನ್ನೆಲ್ಲ ಕೆಳಕ್ಕೇ ತಿರುಗಿಸಿದರೆ ಅಂಗಳವೂ ದಾರಿಯೂ ಇನ್ನಷ್ಟು ಚೆನ್ನಾಗಿ ಕಾಣುತ್ತವೆ, ಕಣ್ಣು ಕುಕ್ಕುವುದಿಲ್ಲ, ವಿದ್ಯುತ್ತೂ ಉಳಿಯುತ್ತದೆ. ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲ ಆಕಾಶದ ರಕ್ಷಿತ ಪ್ರದೇಶವೆಂದು ಘೋಷಿಸಿದ ಮೇಲೆ ಅಲ್ಲಿನ ಹಳ್ಳಿಗರು ದೀಪಗಳಿಗೆ ಮರೆ ಮಾಡಿ, ಕಿಟಕಿಗೆ ದಪ್ಪ ಪರದೆ ಹಾಕಿ, ಬರುವ ಪ್ರವಾಸಿಗರಿಗೆ ತಾವೇ ಆಕಾಶ ತೋರಿಸುತ್ತಿದ್ದಾರೆ. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ಅರಣ್ಯಕ್ಕೂ 2024ರಲ್ಲಿ ಅಂಥದೇ ಮಾನ್ಯತೆ ಸಿಕ್ಕಿತು. ಬ್ರಹ್ಮಗಿರಿ, ಪುಷ್ಪಗಿರಿ, ನಾಗರಹೊಳೆಗಳನ್ನು ಇಟ್ಟುಕೊಂಡಿರುವ ಕೊಡಗಿಗೆ ಇದು ಎಟುಕದ ಮಾತೇನಲ್ಲ. ಗ್ರಾಮ ಪಂಚಾಯಿತಿಗಳು ಬೀದಿ ದೀಪ ಬದಲಿಸುವಾಗ ಮುಚ್ಚಳವಿರುವ, ಹಳದಿ ಛಾಯೆಯ ದೀಪಗಳನ್ನೇ ತರಿಸಲಿ ಎಂದು ನಾನು ಗ್ರಾಮಸಭೆಯಲ್ಲಿ ಕೇಳುತ್ತಿದ್ದೇನೆ, ಮುಂದೆಯೂ ಕೇಳುತ್ತೇನೆ.

ಕೊನೆಯದಾಗಿ ಆ 12 ಸಂಪುಟಗಳ ವಿಚಾರ. ಅವು ಗ್ರಂಥಾಲಯಗಳ ಕಪಾಟಿನಲ್ಲಿ ಧೂಳು ತಿನ್ನುವುದಕ್ಕೆ ಮಾತ್ರ ಎಂದು ಬಹುಕಾಲ ಅನೇಕರು ಭಾವಿಸಿದ್ದರು. 1989ರಲ್ಲಿ ಹಾರಿದ ಹಿಪ್ಪಾರ್ಕಸ್ ಉಪಗ್ರಹ ನಕ್ಷತ್ರಗಳ ಸ್ಥಾನವನ್ನು ಹಿಂದೆಂದೂ ಇಲ್ಲದಷ್ಟು ನಿಖರವಾಗಿ ಅಳೆಯಿತು. ಆದರೆ ನಕ್ಷತ್ರವೊಂದು ಎತ್ತ ಚಲಿಸುತ್ತಿದೆ, ಎಷ್ಟು ವೇಗದಲ್ಲಿ ಎಂಬುದನ್ನು ಸರಿಯಾಗಿ ಹೇಳಬೇಕಾದರೆ ಬಹಳ ಹಿಂದೆ ಅದು ಎಲ್ಲಿತ್ತು ಎಂಬುದೂ ಗೊತ್ತಿರಬೇಕು. ಆಗ ನೆರವಿಗೆ ಬಂದದ್ದು ಪ್ಯಾರಿಸ್ ಯೋಜನೆಯ ಹಳೆಯ ಅಳತೆಗಳು. ಅಮೆರಿಕದ ನೌಕಾ ವೀಕ್ಷಣಾಲಯದವರು ಎಲ್ಲ ಪಟ್ಟಿಗಳ ಅಂಕಿಗಳನ್ನೂ ಗಣಕಕ್ಕೆ ತಂದು ಹೊಸದಾಗಿ ಲೆಕ್ಕ ಕಟ್ಟಿದರು. 2000ದಲ್ಲಿ ಪ್ರಕಟವಾದ, 25 ಲಕ್ಷ ನಕ್ಷತ್ರಗಳ ಚಲನೆಯನ್ನು ಕೊಡುವ ಟೈಕೊ-2 ಪಟ್ಟಿಗೆ ಆ ಹಳೆಯ ಅಳತೆಗಳೇ ಮುಖ್ಯ ಆಧಾರ. ಅಂದರೆ ಬೇಗಂಪೇಟೆಯ ಕೋಣೆಯಲ್ಲಿ ಕೂತು ಯಾರೋ ಗುಮಾಸ್ತರು ಬರೆದಿಟ್ಟ ಅಂಕಿಗಳು ಉಪಗ್ರಹದ ಅಂಕಿಗಳ ಪಕ್ಕದಲ್ಲಿ ನಿಂತು ಇಂದಿಗೂ ಕೆಲಸ ಮಾಡುತ್ತಿವೆ. ಕೊಡೈಕನಾಲಿನಲ್ಲಿ 1904ರಿಂದ ತೆಗೆದ ಸೂರ್ಯನ ಚಿತ್ರಗಳನ್ನು ಭಾರತೀಯ ಖಭೌತ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ತೆರೆದಿಟ್ಟಿದೆ. ನಿಜಾಮಿಯಾದ ಗಾಜಿನ ಫಲಕಗಳಿಗೂ ಅದೇ ಆರೈಕೆ ಸಿಗಬೇಕು. ಬೇಗಂಪೇಟೆಯ ಆವರಣದ ಒಂದು ಕೋಣೆಯಲ್ಲಿ ಒಂದು ಫಲಕ, ಅದನ್ನು ಅಳೆದ ಯಂತ್ರ ಮತ್ತು ಭಾಸ್ಕರನ್ ಅವರ ಭಾವಚಿತ್ರವನ್ನು ವಿದ್ಯಾರ್ಥಿಗಳು ಬಂದು ನೋಡುವಂತೆ ಇಡಬೇಕು. ಉಸ್ಮಾನಿಯಾದಲ್ಲಿ ಓದಿದ ಕನ್ನಡಿಗರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ವಿಶ್ವವಿದ್ಯಾಲಯಕ್ಕೆ ಈ ಬಗ್ಗೆ ಒಂದು ಪತ್ರ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.